ಜಾರಲೇಬೇಕಾದ ಬಟ್ಟೆ

ಆ ಮನೆಯಲ್ಲಿ ಆಲೂಗಡ್ಡೆಯನ್ನು ಎರಡು ಸಲ ತೂಗುತ್ತಿದ್ದರು. ಅಂಗಡಿಯವನು ಒಂದು ಸಲ, ಮನೆಗೆ ತಂದ ಮೇಲೆ ಯಜಮಾನ ಇನ್ನೊಂದು ಸಲ. ಹೊಲಿಗೆ ಯಂತ್ರ ರಿಪೇರಿಯಲ್ಲಿ ಮೂವತ್ತೈದು ವರ್ಷ ಸವೆಸಿದ ಅವನನ್ನು ಬೀದಿಯವರೆಲ್ಲ ಮೆಕ್ಯಾನಿಕ್ ಅನ್ನುತ್ತಿದ್ದರು. ಮನೆಯಲ್ಲೂ ಬೆನ್ನ ಹಿಂದೆ ಅದೇ ಹೆಸರು. ಮಾರುವವನು ನಕ್ಕರೆ ಏನೋ ಮುಚ್ಚಿಡುತ್ತಿದ್ದಾನೆ, ನಗದಿದ್ದರೆ ಆಗಲೇ ಟೋಪಿ ಹಾಕಿ ಮುಗಿಸಿದ್ದಾನೆ ಎಂದು ಅವನು ನಂಬಿದ್ದ. ಹಾಲಿನ ಪೊಟ್ಟಣವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ, ಏನು ಕಾಣುತ್ತದೋ ದೇವರಿಗೇ ಗೊತ್ತು.

ಇಷ್ಟು ಎಚ್ಚರದವನು ಒಂದು ಕಡೆ ಮಾತ್ರ ಎಡವಿದ್ದ. ಮಗಳಿಗೆ ಗೊತ್ತು ಮಾಡಿದ ಹುಡುಗ ಒಂದು ಮಧ್ಯಾಹ್ನ ಮನೆಗೆ ಬಂದು, ತಲೆ ತಗ್ಗಿಸಿ ಮಾತಾಡಿ, ಅಜ್ಜಿಗೆ ಕುರ್ಚಿ ಸರಿಸಿಕೊಟ್ಟು ಹೋದ. ಅಷ್ಟಕ್ಕೇ ಎಲ್ಲರೂ ಒಪ್ಪಿದರು. ಮದುವೆಯಾದ ಮೇಲೆ ಅವನು ಬೀಗದ ಕೈಯನ್ನು ತಾನೇ ಬಚ್ಚಿಟ್ಟು ನೀನು ಕಳೆದೆ ಅನ್ನುತ್ತಿದ್ದ. ತಾನೇ ಗ್ಯಾಸ್ ತಿರುಗಿಸಿ ನೀನು ಆರಿಸಿಲ್ಲ ಅನ್ನುತ್ತಿದ್ದ. ನಿನ್ನ ತಲೆ ನೆಟ್ಟಗಿಲ್ಲ ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. ಮೂರು ವರ್ಷ ಕಳೆದು ಮಗಳು ಒಂದು ಸೂಟ್‌ಕೇಸ್ ಹಿಡಿದು ತೌರಿಗೆ ಬಂದಾಗ, ಊಟ ಆಯಿತಾ ಎಂದು ಕೇಳಿದರೂ ತಾಯಿಯ ಮುಖ ನೋಡಿ ಉತ್ತರ ಕೊಡುತ್ತಿದ್ದಳು.

ಬಂದು ಎರಡು ವರ್ಷವಾಗಿತ್ತು. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಕಣ್ಣಿಗೆ ಕಾಣದ ಗೀರನ್ನು ಬೆರಳಲ್ಲೇ ಪತ್ತೆ ಹಚ್ಚುತ್ತಾಳೆಂದು ಮೇಲ್ವಿಚಾರಕ ಅನುಮಾನದ ಗಾಜನ್ನೆಲ್ಲ ಅವಳ ಮೇಜಿಗೇ ಕಳಿಸುತ್ತಿದ್ದ. ಮನೆಗೆ ಬಂದರೆ ಊಟ, ಪಾತ್ರೆ, ನಿದ್ದೆ. ಅವಳಾಗಿ ಇಂಥದ್ದು ಬೇಕು ಎಂದು ಕೇಳಿದ್ದೇ ಇಲ್ಲ. ಹಾಗಾಗಿ ಒಂದು ಸಂಜೆ ಊಟಕ್ಕೆ ಕುಳಿತಾಗ ಅವಳು ಬಾಯಿ ತೆರೆದದ್ದೇ ಎಲ್ಲರಿಗೂ ಸೋಜಿಗವಾಯಿತು.

"ನಾನೊಂದು ಟರ್ನ್‌ಟೇಬಲ್ ತಗೋತೀನಿ. ರೆಕಾರ್ಡ್ ಹಾಕೋ ಯಂತ್ರ. ಸ್ಕ್ರ್ಯಾಚ್ ಮಾಡೋದು ಕಲೀಬೇಕು."

"ಅಂದ್ರೆ?" ಎಂದಳು ತಾಯಿ, ಬೀನ್ಸಿನ ಪಾತ್ರೆ ಕೈಯಲ್ಲೇ ಇತ್ತು.

"ತಿರುಗೋ ರೆಕಾರ್ಡನ್ನ ಕೈಯಲ್ಲಿ ಹಿಂದಕ್ಕೆ ಮುಂದಕ್ಕೆ ತಳ್ಳಿ ಸದ್ದು ಹೊರಡಿಸ್ತಾರಲ್ಲ, ಅದು."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. "ನಿಮ್ಮ ತಾತ ನಾನು ರೆಕಾರ್ಡ್ ಮುಟ್ಟಿದ್ರೆ ಕೈ ಮೇಲೆ ಏಟು ಕೊಡ್ತಿದ್ರು, ಗೀರು ಬೀಳುತ್ತೆ ಅಂತ. ಈಗ ಅದನ್ನೇ ಕಲಿಸ್ತಾರಾ?"

"ಕಲಿಸ್ತಾರೆ ಅಜ್ಜಿ."

"ಫೀಸು ತಗೊಂಡು?"

"ಹೂಂ."

"ಬದುಕ್ಕೊಂಡ್ರು ಬಿಡು."

ಕಲಿಸುವವಳು ಕಾರ್ಖಾನೆಗೆ ಬ್ರೆಡ್ಡು ತರುವ ವ್ಯಾನಿನವಳು. ಭಾನುವಾರ ಮುದ್ರಣಾಲಯವೊಂದರ ಹಿಂದಿನ ಕೋಣೆಯಲ್ಲಿ ಆರು ಜನಕ್ಕೆ ಹೇಳಿಕೊಡುತ್ತಾಳೆ. ಹೊಸ ತಂಡ ಇನ್ನು ಎರಡು ತಿಂಗಳಿಗೆ. ಯಂತ್ರ ನಿಮ್ಮದೇ ಇರಬೇಕು, ರೆಕಾರ್ಡನ್ನು ಹಿಡಿದು ತಾಳಕ್ಕೆ ಸರಿಯಾಗಿ ಬಿಡುವುದು ಒಂದು ನಿಮಿಷ ತಪ್ಪದೆ ಬರಬೇಕು, ಆಗ ಮಾತ್ರ ಸೇರಿಸಿಕೊಳ್ಳುತ್ತಾಳೆ. ಇದಿಷ್ಟನ್ನೂ ಮಗಳು ಒಂದೇ ಉಸಿರಿಗೆ ಹೇಳಿದಳು. ಅವಳ ತಟ್ಟೆ ಖಾಲಿಯಾಗಿದ್ದು ತಾಯಿಯ ಕಣ್ಣಿಗೆ ಬಿತ್ತು.

"ಬ್ರೆಡ್ ವ್ಯಾನು ಓಡಿಸೋದು ನಿಜವಾಗ್ಲೂ ಹೆಂಗಸೇ ತಾನೆ?" ಎಂದು ಕೇಳಿದಳು ತಾಯಿ.

"ಅಮ್ಮ, ಹೆಂಗಸೇ."

"ಸುಮ್ನೆ ಕೇಳಿದೆ."

ಮೆಕ್ಯಾನಿಕ್ ಬಾಯಿ ಒರೆಸಿಕೊಂಡ. "ನೋಡದೆ ಏನೂ ತಗೋಬೇಡ. ನಾನು ಬರ್ತೀನಿ."

"ಬೇಡಪ್ಪ, ನಾನೇ ನೋಡ್ತೀನಿ."

"ಯಂತ್ರ ತಾನೇ? ಯಂತ್ರ ಅಂದ್ಮೇಲೆ ನಾನು ಬರ್ತೀನಿ."

ಮೊದಲು ಹೋದದ್ದು ಪೇಟೆಯ ದೊಡ್ಡ ಶೋರೂಮಿಗೆ. ತಾಯಿಯೂ ಜೊತೆಗಿದ್ದಳು. ಅಲ್ಲಿ ಚಿಕ್ಕ ಪೆಟ್ಟಿಗೆಯಂಥ ಕೆಂಪು ಯಂತ್ರವೊಂದನ್ನು ಕನ್ನಡಿಯ ಮುಂದೆ ಇಟ್ಟಿದ್ದರು. ಮುಚ್ಚಳ, ಹಿಡಿ, ಒಳಗೇ ಸ್ಪೀಕರು. ತಾಯಿಗೆ ನೋಡಿದ ಕೂಡಲೇ ಹಿಡಿಸಿತು. ಮುಚ್ಚಿಟ್ಟರೆ ಧೂಳು ಕೂರುವುದಿಲ್ಲ. ಮೆಕ್ಯಾನಿಕ್ ಬಗ್ಗಿ ಅದರ ಹೊಟ್ಟೆ ಇಣುಕಿದ.

"ಬೆಲ್ಟು," ಎಂದ, ಹಳೆಯ ಗೆಳೆಯ ಸಿಕ್ಕಂತೆ. "ಇದು ಒಳ್ಳೇದು. ಏನಾದ್ರೂ ಸಿಕ್ಕಿಹಾಕ್ಕೊಂಡ್ರೆ ಬೆಲ್ಟ್ ಜಾರುತ್ತೆ, ಮೋಟಾರು ಉಳಿಯುತ್ತೆ."

ಮಗಳು ತಿರುಗುತ್ತಿದ್ದ ತಟ್ಟೆಯ ಮೇಲೆ ಒಂದು ಬೆರಳಿಟ್ಟಳು. ತಟ್ಟೆ ನಿಂತೇ ಹೋಯಿತು. ಬೆರಳು ತೆಗೆದ ಮೇಲೂ ಹಾಸಿಗೆಯಿಂದ ಏಳುವ ಸೋಮಾರಿಯ ಹಾಗೆ ನಿಧಾನವಾಗಿ ಹೊರಟಿತು.

"ಮುಟ್ಟಬೇಡಿ ಮೇಡಂ," ಎಂದು ಮಾರುವವನು ಓಡಿ ಬಂದ.

"ಮುಟ್ಟೋದಕ್ಕೇ ತಗೋತಿರೋದು," ಎಂದಳು ಮಗಳು. "ನೋಡಪ್ಪ, ಬೆಲ್ಟಿಂದು ಕೈ ಇಟ್ಟರೆ ನಿಲ್ಲುತ್ತೆ. ಮೋಟಾರು ನೇರವಾಗಿ ತಟ್ಟೆಯ ಕೆಳಗೇ ಇರಬೇಕು. ನಾನು ರೆಕಾರ್ಡ್ ಹಿಡ್ಕೊಂಡ್ರೂ ಕೆಳಗಿನ ತಟ್ಟೆ ತಿರುಗ್ತಾನೇ ಇರಬೇಕು."

"ಯಾರು ಹೇಳಿದ್ದು?"

"ಓದಿದೀನಿ."

"ಬರೆದವನೂ ಏನೋ ಮಾರ್ತಿರ್ತಾನೆ," ಎಂದು ಮೆಕ್ಯಾನಿಕ್ ಗೊಣಗಿದ. ಬಸ್ಸಿನಲ್ಲಿ ವಾಪಸ್ ಬರುವಾಗ ತಾಯಿ ಕೆಂಪು ಪೆಟ್ಟಿಗೆಯ ವಿಷಯ ಎರಡು ಸಲ ಎತ್ತಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಸಿಕ್ಕಿದ್ದು ಕೋಟಿನವನು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ ಹಳೆಯ ಸಂಗೀತದ ಸಾಮಾನು ಮಾರುತ್ತಿದ್ದ. ಬೇಸಿಗೆಯಲ್ಲೂ ಕೋಟು ಬಿಚ್ಚದ ಮನುಷ್ಯ. ಅಂಗಡಿಯಲ್ಲಿ ಫ್ಯಾನು ಇರಲಿಲ್ಲ, ಧೂಳು ಬೇಕಾದಷ್ಟಿತ್ತು. ಮಗಳು ಕೇಳಿದ್ದಕ್ಕೆಲ್ಲ ಅವನು ಒಂದೊಂದು ಮಾತಿನಲ್ಲಿ ಉತ್ತರ ಕೊಟ್ಟ. ಮೋಟಾರು ನೇರವಾಗಿರುವ ಒಂದು ಟರ್ನ್‌ಟೇಬಲ್ ಸಾಕು, ಎರಡು ಈಗಲೇ ಬೇಡ. ಉಳಿದ ದುಡ್ಡನ್ನು ಸದ್ದು ಬೆರೆಸುವ ಮಿಕ್ಸರ್ ಪೆಟ್ಟಿಗೆಗೆ ಹಾಕಿ, ಅದರಲ್ಲಿ ಸದ್ದನ್ನು ಕತ್ತರಿಸುವ ಜಾರುಗುಂಡಿ ಹಗುರವಾಗಿರಬೇಕು, ಕೆಟ್ಟರೆ ಬದಲಾಯಿಸುವಂತಿರಬೇಕು. ಮುಳ್ಳಿನ ತುದಿ ಗುಂಡಗಿರಲಿ, ಚೂಪಿನದು ರೆಕಾರ್ಡನ್ನು ತಿಂದುಹಾಕುತ್ತದೆ. ರೆಕಾರ್ಡು ಯಾರಿಗೂ ಬೇಡವಾದದ್ದೇ ತಗೊಳ್ಳಿ.

ಮೆಕ್ಯಾನಿಕ್ ಜೇಬಿನಿಂದ ದಾರದ ಉಂಡೆ ತೆಗೆದ. ತಟ್ಟೆಯ ಅಂಚಿಗೆ ದಾರ ಹಿಡಿದು ಅದು ಅಲುಗಾಡದೆ ತಿರುಗುತ್ತದೆಯೇ ಎಂದು ನೋಡಿದ. ಕಿವಿಯಿಟ್ಟು ಕೇಳಿದ. ಮಿಕ್ಸರಿನ ನಾಲ್ಕು ಸ್ಕ್ರೂ ಬಿಚ್ಚಿಸಿ, ಜಾರುಗುಂಡಿಯನ್ನು ಹೊರಗೆ ತೆಗೆಸಿ, ಮತ್ತೆ ಹಾಕಿಸಿದ. ಕೋಟಿನವನು ಬೇಸರ ಮಾಡಿಕೊಳ್ಳಲಿಲ್ಲ. ತಪ್ಪು ಒಂದೂ ಸಿಗಲಿಲ್ಲವೆಂಬುದೇ ಮೆಕ್ಯಾನಿಕ್‌ನ ಹೊಸ ಅನುಮಾನಕ್ಕೆ ಕಾರಣವಾಯಿತು.

"ಕಮ್ಮಿ ತಗೊಳ್ಳಿ ಅನ್ನೋ ವ್ಯಾಪಾರಿಯನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ," ಎಂದ ಓಣಿಗೆ ಬಂದ ಮೇಲೆ. "ಇದರಲ್ಲಿ ಏನೋ ಇದೆ."

"ಏನಿದೆ?"

"ಗೊತ್ತಾಗೋವರೆಗೂ ತಗೋಬಾರದು."

ಹೀಗೆ ಒಂದು ವಾರ ಎರಡಾಯಿತು, ಎರಡು ನಾಲ್ಕಾಯಿತು. ಮೆಕ್ಯಾನಿಕ್ ಕೆಲಸ ಬಿಟ್ಟ ಸಂಜೆಗಳಲ್ಲಿ ಒಬ್ಬನೇ ಹೋಗಿ ಕೋಟಿನವನ ಪಕ್ಕದ ಅಂಗಡಿಯವರನ್ನು ವಿಚಾರಿಸಿದ. ಹಲ್ಲಿನ ಡಾಕ್ಟರನ್ನೂ ಬಿಡಲಿಲ್ಲ. ಎಲ್ಲರೂ ಒಳ್ಳೆಯವನು ಎಂದರು. ಇಷ್ಟು ಜನ ಒಂದೇ ಮಾತು ಹೇಳಿದರೆ ಮೊದಲೇ ಮಾತಾಡಿಕೊಂಡಿರಬೇಕು ಎಂದು ಅವನಿಗೆ ಅನ್ನಿಸಿತು. ಇತ್ತ ತಾಯಿ ಮಗಳ ಫೋನ್ ಬಂದಾಗಲೆಲ್ಲ ಅಡುಗೆಮನೆಯ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ವ್ಯಾನಿನವಳ ದನಿ ಗಡಸು. ಹೆಂಗಸಿನದೋ ಅಲ್ಲವೋ ಎಂದು ತೀರ್ಮಾನವಾಗಲು ಆಕೆಗೆ ಹತ್ತು ದಿನ ಬೇಕಾಯಿತು.

ಆರನೆಯ ವಾರ ಮಗಳ ತಾಳ್ಮೆ ಹರಿಯಿತು. ಊಟಕ್ಕೆ ಅನ್ನ, ಹುರಿದ ಮೊಟ್ಟೆ. ಮೆಕ್ಯಾನಿಕ್ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಮಾರುವವನಿದ್ದಾನೆ, ಅವನನ್ನೂ ನೋಡಿಬಿಡೋಣ ಎಂದ.

ಮಗಳು ಚಮಚ ಕೆಳಗಿಟ್ಟಳು. "ಗಂಡನ್ನ ನೋಡಕ್ಕೆ ಒಂದು ಮಧ್ಯಾಹ್ನ ಸಾಕಾಯ್ತು. ತಿರುಗೋ ತಟ್ಟೆ ನೋಡಕ್ಕೆ ಆರು ವಾರ ಬೇಕಾ ಅಪ್ಪ?"

ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು.

"ಅದಕ್ಕೇ," ಎಂದ ಕೊನೆಗೆ, ತಟ್ಟೆ ನೋಡುತ್ತ. "ಅದಕ್ಕೇ ನೋಡ್ತಿರೋದು."

"ನಿನಗೆ ಸಮಾಧಾನ ಆಗಲಿ ಅಂತ ನಾನು ಕಾಯಕ್ಕಾಗಲ್ಲ. ನನ್ನ ಸಂಬಳ. ನಾನು ನೋಡಿದೀನಿ, ನನಗೆ ಸರಿ ಅನ್ನಿಸಿದೆ. ನನಗೆ ಸರಿ ಅನ್ನಿಸಿದ್ದು ಸರಿ ಇರಬಹುದು ಅಂತ ಈ ಮನೇಲಿ ಒಬ್ಬರಾದ್ರೂ ನಂಬಿ."

"ತಗೋ ಹೋಗು," ಎಂದಳು ಅಜ್ಜಿ. "ಇವನ ಮಾತು ಕೇಳ್ತಾ ಕೂತ್ರೆ ನಿನಗೂ ನನ್ನ ವಯಸ್ಸಾಗುತ್ತೆ."

ಆ ಶನಿವಾರವೇ ಟರ್ನ್‌ಟೇಬಲ್ಲೂ ಮಿಕ್ಸರೂ ಮನೆಗೆ ಬಂದವು. ಮಗಳು ಅಜ್ಜಿಯ ಜೊತೆ ಮಲಗುತ್ತಿದ್ದ ಕೋಣೆಯಲ್ಲಿ, ಇಸ್ತ್ರಿ ಮೇಜನ್ನು ಖಾಲಿ ಮಾಡಿ ಇಟ್ಟಳು. ವ್ಯಾನಿನವಳ ಪರೀಕ್ಷೆಗೆ ಮೂರು ಭಾನುವಾರ ಉಳಿದಿದ್ದವು. ಮೊದಲ ದಿನವೇ ರೆಕಾರ್ಡಿನ ಮೇಲೆ ಕೈಯಿಟ್ಟು ನಿಲ್ಲಿಸಿ, ಎಣಿಸಿ, ಬಿಟ್ಟಳು. ಸರಿಯಾಗಿ ತಾಳಕ್ಕೆ ಬಿದ್ದಿತು. ನಾಲ್ಕನೆಯ ದಿನ ಹತ್ತಕ್ಕೆ ಎಂಟು ಸಲ ಬೀಳತೊಡಗಿತು. ಅಜ್ಜಿ ಮಂಚದ ಮೇಲೆ ಕೂತು ಬೆರಳಲ್ಲಿ ಎಣಿಸುತ್ತಿದ್ದಳು. ಸದ್ದು ಬಾಗಿಲು ಕಿರುಗುಟ್ಟಿದಂತೆಯೇ ಇದೆ ಎಂದಳು, ಆದರೂ ಎದ್ದು ಹೋಗಲಿಲ್ಲ.

ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಕೊನೆಗೂ ಅವನಿಗೆ ಬೇಕಾದದ್ದು ಸಿಕ್ಕಿತು. ರೆಕಾರ್ಡಿಗೂ ಕೆಳಗಿನ ಲೋಹದ ತಟ್ಟೆಗೂ ನಡುವೆ ಒಂದು ಗುಂಡನೆಯ ಫೆಲ್ಟ್ ಬಟ್ಟೆ ಇತ್ತು. ಮಗಳು ರೆಕಾರ್ಡ್ ಹಿಡಿದಾಗ ಬಟ್ಟೆಯೂ ಅದರ ಜೊತೆ ನಿಲ್ಲುತ್ತಿತ್ತು, ತಟ್ಟೆ ಮಾತ್ರ ಕೆಳಗೆ ಜಾರಿಕೊಂಡು ತಿರುಗುತ್ತಿತ್ತು.

"ಇದು ಜಾರ್ತಾ ಇದೆ," ಎಂದ.

"ಜಾರಲೇಬೇಕಪ್ಪ. ಅದಕ್ಕೇ ಆ ಬಟ್ಟೆ."

"ಹಿಡಿತ ಇಲ್ಲ ಅಂದ್ರೆ ಯಂತ್ರ ಕೆಟ್ಟಿದೆ ಅಂತ."

"ಕೆಟ್ಟಿಲ್ಲ. ಹಾಗೇ ಇರೋದು ಅದು. ಕೋಟಿನವರೂ ಹೇಳಿದ್ರು."

ಕೋಟಿನವರೂ ಹೇಳಿದ್ರು ಎಂಬ ಮಾತೊಂದು ಸಾಕಾಯಿತು. ಸುಮ್ಮಸುಮ್ಮನೆ ಬೆಲ್ಟು ಜಾರುವ ಹೊಲಿಗೆ ಯಂತ್ರವನ್ನು ಬಡ ಹೆಂಗಸರ ತಲೆಗೆ ಕಟ್ಟುವವರು ಅವನ ಮೂವತ್ತೈದು ವರ್ಷದಲ್ಲಿ ಆಡಿದ್ದು ಅದೊಂದೇ ಮಾತು: ಅದು ಹಾಗೇ ಇರೋದು. ಅಂಥ ಯಂತ್ರಗಳನ್ನು ಅವನು ಸರಿಮಾಡಿ, ಮಾರಿದವನ ಹೆಸರು ಹಿಡಿದು ಬೈದು, ಅರ್ಧ ಕೂಲಿಗೆ ಕೊಟ್ಟು ಕಳಿಸಿದ್ದುಂಟು. ಈಗ ಸ್ವಂತ ಮಗಳಿಗೇ ಒಬ್ಬ ಆ ಪಾಠ ಹೇಳಿಕೊಟ್ಟಿದ್ದಾನೆ, ಅವಳು ನಂಬಿದ್ದಾಳೆ. ಮತ್ತೆ ಜಗಳ ತೆಗೆದರೆ ಗಂಡನ ಮಾತು ಬರುತ್ತದೆ. ಸದ್ದಿಲ್ಲದೆ ಸರಿಮಾಡಿಬಿಡುವುದೇ ವಾಸಿ ಎಂದುಕೊಂಡ.

ಗುರುವಾರ ಮಗಳು ಕೆಲಸಕ್ಕೆ ಹೋದಾಗ ಸೈಕಲ್ ಟ್ಯೂಬೊಂದನ್ನು ಸೀಳಿ, ಬಟ್ಟೆಯ ಅಳತೆಗೆ ತೆಳ್ಳಗೆ ಕತ್ತರಿಸಿ, ಫೆಲ್ಟಿನ ಅಡಿಗೆ ಪಂಕ್ಚರ್ ಸೊಲ್ಯೂಷನ್ ಹಾಕಿ ಅಂಟಿಸಿದ. ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿ ತಳ್ಳಿ ನೋಡಿದ. ಎಳ್ಳಷ್ಟೂ ಜಾರಲಿಲ್ಲ. ಅಜ್ಜಿ ಮಂಚದ ಮೇಲಿಂದಲೇ ನೋಡುತ್ತಿದ್ದಳು.

"ಅವಳಿಗೆ ಹೇಳಿ ಮಾಡ್ತಿದೀಯಾ?"

"ಅಮ್ಮ, ನೀನು ಸುಮ್ನಿರು. ಒಳ್ಳೇದಕ್ಕೇ ಮಾಡ್ತಿರೋದು."

ಆ ಸಂಜೆ ಮಗಳು ರೆಕಾರ್ಡ್ ಹಿಡಿದಳು. ತಟ್ಟೆ ಅವಳ ಕೈಯನ್ನು ಎಳೆಯಿತು. ಮುಳ್ಳು ಹಾರಿತು. ಬಿಟ್ಟರೆ ರೆಕಾರ್ಡು ತಡವರಿಸಿ, ನರಳಿ, ತಾಳ ತಪ್ಪಿದ ಮೇಲೆ ಹೊರಟಿತು. ಮತ್ತೆ ಹಿಡಿದಳು. ಅದೇ. ಮೇಲಿನ ಧೂಳನ್ನು ಕುಂಚದಲ್ಲಿ ಒರೆಸಿ ಮತ್ತೆ ಹಿಡಿದಳು. ಬಟ್ಟೆ ಎಂದಿನಂತೆಯೇ ಕಾಣುತ್ತಿತ್ತು. ಮೊದಲ ನಾಲ್ಕು ದಿನ ಬಂದದ್ದು ಏಕೆ ಬರುತ್ತಿಲ್ಲ ಎಂದು ಅವಳಿಗೆ ತಿಳಿಯಲಿಲ್ಲ, ತನ್ನ ಕೈಯೇ ಹೆಚ್ಚು ಒತ್ತುತ್ತಿರಬೇಕು ಎಂದುಕೊಂಡಳು.

"ಇವತ್ತು ಸುಸ್ತಾಗಿದೆ ಅನ್ಸುತ್ತೆ," ಎಂದಳು.

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಗನಿಗೆ ಮಾತು ಕೊಟ್ಟಿರಲಿಲ್ಲ, ಆದರೂ ಮಗ. ನಾಳೆ ಅವನೇ ಹೇಳುತ್ತಾನೆ ಎಂದುಕೊಂಡಳು.

ವಾರ ಕಳೆಯುವಷ್ಟರಲ್ಲಿ ಮಗಳ ಮಾತು ಮತ್ತೆ ಕಡಿಮೆಯಾಯಿತು. ಸಂಜೆ ಎರಡು ಗಂಟೆ ಕೋಣೆಯಲ್ಲಿ ಕೂತು ಬರುತ್ತಿದ್ದಳು, ಬಲಗೈ ಮಣಿಕಟ್ಟು ಊದಿರುತ್ತಿತ್ತು. ಕೋಟಿನವನಿಗೆ ಫೋನ್ ಮಾಡಿದಳು. ಅವನು, ಯಂತ್ರ ಚೆನ್ನಾಗಿಯೇ ಇತ್ತು, ಕೈ ಹಗುರ ಬಿಡಿ, ಒತ್ತಬೇಡಿ ಎಂದ. ಅವಳು ಹಗುರ ಬಿಟ್ಟಳು. ಹಗುರ ಬಿಟ್ಟರೆ ರೆಕಾರ್ಡು ಕೈಯಲ್ಲೇ ನಿಲ್ಲಲಿಲ್ಲ.

"ಮೊದಲು ಬರ್ತಿತ್ತು ಅಲ್ವಾ ಅಜ್ಜಿ? ನಾನೇ ಹಾಗಂದ್ಕೊಂಡಿದ್ನಾ?"

"ಬರ್ತಿತ್ತು ಕಣೆ," ಎಂದಳು ಅಜ್ಜಿ, ಬೇರೆ ಕಡೆ ನೋಡುತ್ತ.

ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಂಡವಳು ವಾಪಸ್ ಒಳಗೆ ಬಂದಳು. "ಅಮ್ಮ, ನಾನು ಗ್ಯಾಸ್ ಆರಿಸಿದ್ನಾ?"

"ಆರಿಸಿದೀಯ."

ಗೇಟಿನಿಂದ ಮತ್ತೆ ಬಂದಳು. "ನೋಡ್ಬಿಡು ಅಮ್ಮ ಒಂದ್ಸಲ."

ತಾಯಿ ಹೋಗಿ ಒಲೆಯ ಗುಂಡಿ ಮುಟ್ಟಿ ನೋಡಿ ಬಂದಳು. ಎರಡು ವರ್ಷದ ಹಿಂದೆ ಸೂಟ್‌ಕೇಸ್ ಹಿಡಿದು ಬಂದಾಗ ಮಗಳು ಹೀಗೇ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದಳು. ಆ ಕೇಳುವಿಕೆ ನಿಂತು ಒಂದು ವರ್ಷವಾಗಿತ್ತು. ಕಾರ್ಖಾನೆಯಲ್ಲೂ ಅವಳು ಒಂದೊಂದು ಗಾಜನ್ನು ಮೂರು ಮೂರು ಸಲ ಪರೀಕ್ಷಿಸುತ್ತಿದ್ದಾಳೆಂದು, ಮೇಜಿನ ಮೇಲೆ ಕೆಲಸ ರಾಶಿ ಬೀಳುತ್ತಿದೆಯೆಂದು ಜೊತೆಯವಳೊಬ್ಬಳು ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದಳು.

"ಆ ಗಂಡ ಮತ್ತೆ ಫೋನ್ ಮಾಡ್ತಿದಾನೋ ಏನೋ," ಎಂದಳು ತಾಯಿ ಗಂಡನ ಬಳಿ. "ಇಲ್ಲ, ಆ ವ್ಯಾನಿನವಳೇ ಏನೋ ತಲೆಗೆ ತುಂಬಿದಾಳೆ."

"ಅವರಿಬ್ಬರೂ ಅಲ್ಲ. ಕೋಟಿನವನು," ಎಂದ ಮೆಕ್ಯಾನಿಕ್. "ಒಳಗೆ ಇನ್ನೇನೋ ಕೆಟ್ಟಿದೆ. ಜಾರೋದನ್ನ ನಿಲ್ಲಿಸಿದ್ರೂ ಸರಿ ಹೋಗ್ಲಿಲ್ಲ ನೋಡು."

"ಜಾರೋದನ್ನ ಏನು?"

"ಏನಿಲ್ಲ."

ಶನಿವಾರ ಅವನು ಜಗಳಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಣಿಗೆ ಹೋದ. ಅಂಗಡಿಯಲ್ಲಿ ಮೂರು ಯಂತ್ರಗಳು ತಿರುಗುತ್ತಿದ್ದವು. ಕೋಟಿನವನು ಒಂದರ ಮುಂದೆ ನಿಂತು, ಎರಡು ಬೆರಳಲ್ಲಿ ರೆಕಾರ್ಡ್ ಹಿಡಿದು ಏನನ್ನೋ ಕೇಳಿಸಿಕೊಳ್ಳುತ್ತಿದ್ದ. ಕೆಳಗೆ ತಟ್ಟೆ ಜಾರಿಕೊಂಡು ಸುತ್ತುತ್ತಿತ್ತು. ಮೆಕ್ಯಾನಿಕ್ ಪಕ್ಕದ ಯಂತ್ರ ನೋಡಿದ. ಅದರಲ್ಲೂ ಅದೇ ಥರದ ಬಟ್ಟೆ.

"ಇದೂ ಜಾರುತ್ತಾ?"

"ಎಲ್ಲಾ ಜಾರುತ್ತೆ ಸಾರ್. ಹಿಡಿದು ನೋಡಿ."

ಅವನು ಹಿಡಿದ. ರೆಕಾರ್ಡು ಅವನ ಬೆರಳಿನ ಕೆಳಗೆ ಸುಮ್ಮನೆ ನಿಂತಿತು, ಏನೂ ಎಳೆಯಲಿಲ್ಲ. ಬಿಟ್ಟ. ಬಿಟ್ಟ ಕ್ಷಣಕ್ಕೇ ಹಾಡು ಹೊರಟಿತು.

"ಇದು ಜಾರದಿದ್ರೆ?" ಎಂದು ಕೇಳಿದ.

"ಜಾರದಿದ್ರೆ ಕಲಿಯೋಕಾಗಲ್ಲ. ಎಂಥ ಕೈ ಇದ್ರೂ ಆಗಲ್ಲ. ಯಾಕೆ, ನಿಮ್ಮ ಮಗಳದ್ದು ಜಾರ್ತಿಲ್ವಾ? ತಗೊಂಡು ಬನ್ನಿ, ನೋಡೋಣ."

"ಇಲ್ಲ. ಸುಮ್ನೆ ಕೇಳಿದೆ," ಎಂದು ಮೆಕ್ಯಾನಿಕ್ ಹೊರಗೆ ಬಂದ.

ಅಂದೇ ಹೇಳಬಹುದಿತ್ತು, ಹೇಳಲಿಲ್ಲ. ಮೊದಲು ಗುಟ್ಟಾಗಿ ಕಿತ್ತುಬಿಡೋಣ ಎಂದು ನೋಡಿದ; ಅವನೇ ಹಾಕಿದ ಸೊಲ್ಯೂಷನ್, ಅವನು ಅಂಟಿಸಿದ್ದು ಎಂದೂ ಬಿಟ್ಟುಕೊಂಡದ್ದಿಲ್ಲ. ಎಳೆದರೆ ಫೆಲ್ಟಿನ ಕೂದಲೆಲ್ಲ ಕಿತ್ತು ಬರುತ್ತಿತ್ತು. ಹೊಸ ಬಟ್ಟೆ ತರೋಣವೆಂದರೆ ಅದು ಸಿಗುವುದು ಕೋಟಿನವನಲ್ಲೇ, ಅವನು ಯಾಕೆ ಎಂದು ಕೇಳುತ್ತಾನೆ. ನಾಳೆ ಹೇಳುವುದೆಂದು ಭಾನುವಾರ ಹೋಯಿತು. ಸೋಮವಾರ ಅವಳ ಮುಖ ನೋಡಿ ಅಂಗಡಿಗೆ ಬೇಗ ಹೊರಟುಬಿಟ್ಟ. ಒಂದೊಂದು ದಿನ ಕಳೆದಂತೆ ಹೇಳಬೇಕಾದ ತಪ್ಪಿಗೆ ಇನ್ನೊಂದು ದಿನದ ತಪ್ಪು ಸೇರುತ್ತಿತ್ತು. ಬುಧವಾರ ಅಜ್ಜಿ ಅವನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಹಿಡಿದಳು.

"ಅವಳು ನಿನ್ನೆ ಗ್ಯಾಸ್ ನೋಡಕ್ಕೆ ಮೂರು ಸಲ ಎದ್ದಳು. ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

"ನಾನು ಬಾಯಿ ಮುಚ್ಕೊಂಡಿದ್ದೇ ತಪ್ಪು," ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರಿತ್ತು.

ಶುಕ್ರವಾರ ಸಂಜೆ ಬ್ರೆಡ್ಡು, ಆಲೂಗಡ್ಡೆ, ಮೂರು ಟೊಮೆಟೊ. ಪರೀಕ್ಷೆಗೆ ಉಳಿದದ್ದು ಒಂದೇ ದಿನ. ಮಗಳು ತಿನ್ನದೆ ಬ್ರೆಡ್ಡನ್ನು ಚೂರು ಮಾಡುತ್ತಿದ್ದಳು.

"ನಾಳೆ ಯಂತ್ರ ವಾಪಸ್ ಕೊಡ್ತೀನಿ," ಎಂದಳು. "ಕೋಟಿನವರು ಅರ್ಧಕ್ಕೆ ತಗೋತೀನಿ ಅಂದಿದಾರೆ. ವ್ಯಾನಿನವಳಿಗೂ ಬರಲ್ಲ ಅಂತ ಹೇಳಿದೆ."

"ಯಾಕೆ?" ಎಂದಳು ತಾಯಿ.

"ನನ್ನ ಕೈಲಿ ಆಗಲ್ಲ ಅಮ್ಮ. ಅಪ್ಪನೇ ಸರಿ. ನನಗೆ ಸರಿ ಅನ್ನಿಸೋದು ಯಾವುದೂ ಸರಿ ಇರಲ್ಲ."

ಮೆಕ್ಯಾನಿಕ್‌ಗೆ ಅಷ್ಟು ಮಾತು ಸಾಕಾಗುತ್ತಿತ್ತು, ಮೂರು ತಿಂಗಳ ಹಿಂದೆ ಅವಳು ಹಾಗಂದಿದ್ದರೆ. ಆ ಮನೆಯಲ್ಲಿ ಯಾರೂ ಅವನಿಗೆ ಹಾಗೆ ಸೋತು ಮಾತಾಡಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ನಾಳೆ ಯಂತ್ರ ಹೋಗುತ್ತದೆ, ಅದರ ಜೊತೆ ರಬ್ಬರೂ ಹೋಗುತ್ತದೆ. ಅಜ್ಜಿ ಅವನನ್ನೇ ನೋಡುತ್ತಿದ್ದಳು.

"ನಿನ್ನ ಕೈ ಸರಿಯಾಗೇ ಇದೆ," ಎಂದ.

"ಇಲ್ಲಪ್ಪ."

"ಇದೆ. ಆ ಬಟ್ಟೆಯ ಅಡಿಗೆ ನಾನು ರಬ್ಬರ್ ಅಂಟಿಸಿದೀನಿ. ಜಾರಬಾರದು ಅಂತ."

ತಾಯಿ ಗಂಡನನ್ನು ನೋಡಿದಳು. ಮಗಳು ಎದ್ದು ಕೋಣೆಗೆ ಹೋದಳು. ಒಳಗೆ ರೆಕಾರ್ಡ್ ತೆಗೆದ ಸದ್ದಾಯಿತು. ಬಟ್ಟೆಯನ್ನು ಕೈಯಲ್ಲಿ ಹಿಡಿದು ವಾಪಸ್ ಬಂದಳು. ಅಡಿಯಲ್ಲಿ ಕಪ್ಪು ರಬ್ಬರು ಹೊಳೆಯುತ್ತಿತ್ತು, ಅಂಚು ನೀಟಾಗಿತ್ತು.

"ಯಾವತ್ತು?"

"ಹದಿನೈದು ದಿನ ಆಯ್ತು. ಆ ಗುರುವಾರ."

"ಇದರಿಂದಾನೇ ಬರ್ತಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಅವನು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಟ್ಟು ಮಾಡತೊಡಗಿದ.

"ಈಗ ಗೊತ್ತಾಯ್ತಾ ಅಪ್ಪ?"

"ಶನಿವಾರ. ಕೋಟಿನವನ ಹತ್ರ ಹೋಗಿದ್ದೆ."

"ಆರು ದಿನ," ಎಂದಳು ಮಗಳು. ದನಿ ಏರಲಿಲ್ಲ. "ಆರು ದಿನ ನಾನು ಕೈ ಊದಿಸಿಕೊಂಡು ಕೂತಿದ್ದೆ. ಗ್ಯಾಸ್ ಆರಿಸಿದ್ನಾ ಅಂತ ಕೇಳ್ತಿದ್ದೆ. ನೀನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ."

"ನಿನ್ನ ಒಳ್ಳೇದಕ್ಕೆ ಅಂತ ಮಾಡಿದ್ದು. ಮೋಸ ಹೋಗಬಾರದು ಅಂತ."

"ಅವನೂ ಬೀಗದ ಕೈ ಬಚ್ಚಿಟ್ಟು, ನಾನು ಹುಡುಕೋದನ್ನ ನೋಡ್ತಾ ಕೂತಿರ್ತಿದ್ದ."

"ಅವನಿಗೂ ನನಗೂ..." ಎಂದು ಮೆಕ್ಯಾನಿಕ್ ಶುರುಮಾಡಿದ. ಹೆಂಡತಿಯ ಕಡೆ ತಿರುಗಿದ, ಆಕೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ತಲೆ ಎತ್ತಲಿಲ್ಲ.

"ಅವನು ಕೆಟ್ಟವನು, ನೀನಲ್ಲ. ಅದು ನನಗೂ ಗೊತ್ತು," ಎಂದಳು ಮಗಳು. "ಅಜ್ಜಿ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಗಳೇ," ಎಂದಳು ಅಜ್ಜಿ, ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮಗಳು ಬಟ್ಟೆಯನ್ನು ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಒಳಗೆ ಹೋದಳು. ಅಂದು ಪಾತ್ರೆ ತೊಳೆದದ್ದು ಮೆಕ್ಯಾನಿಕ್. ತೊಳೆಯಿರಿ ಎಂದು ಯಾರೂ ಹೇಳಿರಲಿಲ್ಲ, ಬಿಡಿ ಎಂದೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅವನೇ ಕೋಟಿನವನ ಅಂಗಡಿಗೆ ಹೋಗಿ, ರಬ್ಬರು ಮೆತ್ತಿದ ಬಟ್ಟೆಯನ್ನು ಮುಂದಿಟ್ಟು, ಇದನ್ನು ಮಾಡಿದವನು ನಾನು, ನಿಮ್ಮ ಯಂತ್ರದಲ್ಲಿ ತಪ್ಪಿರಲಿಲ್ಲ ಎಂದ. ಕೋಟಿನವನು ಬಟ್ಟೆಯನ್ನು ತಿರುಗಿಸಿ ನೋಡಿ, ಅಂಟು ಚೆನ್ನಾಗಿದೆ ಎಂದನಷ್ಟೆ. ಹೊಸದೊಂದನ್ನು ಕೊಟ್ಟ. ಮೆಕ್ಯಾನಿಕ್ ಅದನ್ನು ತಂದು ಮಗಳ ಕೈಗೆ ಕೊಡುವ ಧೈರ್ಯವಿಲ್ಲದೆ ಊಟದ ಮೇಜಿನ ಮೇಲೆ ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅದು ಅಲ್ಲಿರಲಿಲ್ಲ. ಮಗಳು ವ್ಯಾನಿನವಳಿಗೆ ಫೋನ್ ಮಾಡಿ, ಬರುತ್ತೇನೆ, ಜಾಗ ಇದ್ದರೆ ನೋಡಿ ಎನ್ನುತ್ತಿದ್ದುದು ತಾಯಿಗೆ ಕೇಳಿಸಿತು. ಈ ಸಲ ಆಕೆ ನಲ್ಲಿ ನಿಲ್ಲಿಸಲಿಲ್ಲ.

ಭಾನುವಾರ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಮಗಳು ಒಬ್ಬಳೇ ಟ್ಯಾಕ್ಸಿಯಲ್ಲಿ ಹೋದಳು. ಮೆಕ್ಯಾನಿಕ್ ಎತ್ತಲು ಮುಂದೆ ಬಂದಾಗ, "ಬೇಡ, ನಾನೇ ಎತ್ಕೋತೀನಿ," ಎಂದಳು. ಸಂಜೆ ಬಂದು ಏನಾಯಿತೆಂದು ಅಜ್ಜಿಗೆ ಮಾತ್ರ ಹೇಳಿದಳು. ಇನ್ನೂ ತಡವರಿಸುತ್ತೀಯ, ಆದರೂ ಬಾ ಎಂದಳಂತೆ ವ್ಯಾನಿನವಳು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅವನಿಗೆ ಸುದ್ದಿ ಬರುವಷ್ಟರಲ್ಲಿ ಸೋಮವಾರ ಮಧ್ಯಾಹ್ನವಾಗಿತ್ತು.

ಅಂದಿನಿಂದ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಮಗಳು ಊಟಕ್ಕೆ ಬರುತ್ತಿದ್ದಳು, ಉಪ್ಪು ಕೇಳಿದರೆ ಕೊಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಗ್ಯಾಸ್ ವಿಷಯ ಎತ್ತುತ್ತಿರಲಿಲ್ಲ. ಅಷ್ಟೇ. ಹತ್ತನೆಯ ದಿನ ಸಂಜೆ ಒಳಗಿಂದ ಸದ್ದು ಬರುತ್ತಿತ್ತು: ಹಿಡಿದದ್ದು, ಬಿಟ್ಟದ್ದು, ನಡುವೆ ಅಜ್ಜಿ ಎಣಿಸುವ ದನಿ. ತಪ್ಪದೆ ಬೀಳುತ್ತಿತ್ತು. ಮೆಕ್ಯಾನಿಕ್ ಅಂಗಡಿಯಿಂದ ಬಂದವನು ಕೈ ತೊಳೆದುಕೊಂಡು ಆ ಬಾಗಿಲ ಮುಂದೆ ನಿಂತ. ಸ್ವಂತ ಮನೆಯಲ್ಲಿ ಅವನು ಎಂದೂ ಬಾಗಿಲು ತಟ್ಟಿದವನಲ್ಲ. ಬೆರಳು ಮಡಿಸಿ ಎರಡು ಸಲ ತಟ್ಟಿದ.

ಸದ್ದು ನಿಂತಿತು.

"ಯಾರು?"

"ನಾನು. ಒಳಗೆ ಬರ್ಲಾ? ಸ್ವಲ್ಪ ಕೇಳೋಣ ಅಂತ."

ಒಳಗೆ ಅಜ್ಜಿಯ ಮಂಚ ಕಿರುಗುಟ್ಟಿತು.

"ಅಲ್ಲಿಂದಾನೇ ಕೇಳಿಸುತ್ತಪ್ಪ," ಎಂದಳು ಮಗಳು.

ಅವನು ಬಾಗಿಲ ಹಿಡಿಯ ಮೇಲಿಟ್ಟಿದ್ದ ಕೈ ತೆಗೆದ. ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕುಳಿತ.